ಮೃಗ ಶಬ್ದದ ಚರಿತ್ರೆ

ಮೈಸೂರಿಗೆ ಬಂದ ನೆಂಟರನ್ನು ನಾವು 1892ರಲ್ಲಿ ಸ್ಥಾಪಿತವಾದ ಮೃಗಾಲಯಕ್ಕೆ ತಪ್ಪದೆ ಕರೆದುಕೊಂಡು ಹೋಗುವೆವು. ಅಲ್ಲಿ ಆನೆಯೂ ಮೃಗ, ಹುಲಿಯೂ ಮೃಗ, ಕರಡಿಯೂ ಮೃಗ. ಆದರೆ ಮನೆಯ ಮಕ್ಕಳಿಗೆ ರಾಮಾಯಣದ ಕಥೆಯನ್ನು ಹೇಳುವಾಗ, ಸೀತಾದೇವಿಯು ಬಯಸಿದ ಮಾಯಾಮೃಗವು ಜಿಂಕೆಯೆಂಬುದನ್ನು ವಿವರಿಸಬೇಕಾದ ಅಗತ್ಯವೇ ಬೀಳುವುದಿಲ್ಲ. ಹೆಣ್ಣನ್ನು ಮೃಗಾಕ್ಷಿಯೆಂದರೆ ಹೊಗಳಿಕೆ. ಒಬ್ಬನ ನಡತೆಯನ್ನು ಮೃಗೀಯವೆಂದರೆ ಘೋರವಾದ ನಿಂದೆ. ಒಂದೇ ಶಬ್ದವು ಒಂದೆಡೆ ಭಯವನ್ನೂ ಇನ್ನೊಂದೆಡೆ ಸೌಮ್ಯತೆಯನ್ನೂ ಸೂಚಿಸುವುದು ಹೇಗೆ? ಈ ಎರಡು ಅರ್ಥಗಳಲ್ಲಿ ಹಳೆಯದು ಯಾವುದು? ಇದು ಕೇವಲ ಪಂಡಿತರ ಕುತೂಹಲಕ್ಕೆ ಸೇರಿದ ಪ್ರಶ್ನೆಯಲ್ಲ. ಹಳೆಯ ಬರಹಗಳನ್ನು ನಾವು ಸರಿಯಾಗಿ ಓದುತ್ತಿರುವೆವೋ ಇಲ್ಲವೋ ಎಂಬುದೂ, ಕಾಡಿನ ಪ್ರಾಣಿಗಳನ್ನು ಮನುಷ್ಯನು ಯಾವ ಕಣ್ಣಿನಿಂದ ನೋಡುತ್ತ ಬಂದನೆಂಬುದೂ ಇದರೊಡನೆ ಹೆಣೆದುಕೊಂಡಿವೆ.

ನಮಗೆ ದೊರೆತಿರುವ ಅತ್ಯಂತ ಪ್ರಾಚೀನ ಸಾಕ್ಷ್ಯವು ಋಗ್ವೇದದ್ದು. ಅಲ್ಲಿ ಮೃಗವೆಂದರೆ ಕಾಡಿನಲ್ಲಿ ಸ್ವಚ್ಛಂದವಾಗಿ ಅಲೆಯುವ ಪ್ರಾಣಿ. ಅದಕ್ಕೆ 'ಭೀಮ', ಎಂದರೆ ಭಯಂಕರ, ಎಂಬ ವಿಶೇಷಣವೂ ಬರುವುದುಂಟು. ಆನೆಗೆ ಆ ಋಷಿಗಳು ಕೊಟ್ಟ ಹೆಸರು 'ಮೃಗ ಹಸ್ತಿನ್', ಎಂದರೆ ಕೈಯುಳ್ಳ ಮೃಗ. ಸೊಂಡಿಲನ್ನು ಕೈಯೆಂದು ಭಾವಿಸಿ ಇಟ್ಟ ಹೆಸರದು. ಮುಂದೆ ಮೃಗವೆಂಬುದು ಬಿದ್ದುಹೋಗಿ, ಬರಿಯ 'ಹಸ್ತಿ'ಯೇ ಆನೆಗೆ ಹೆಸರಾಗಿ ನಿಂತಿತು. ಅಶ್ವಿನೀದೇವತೆಗಳ ಸೂಕ್ತವೊಂದರಲ್ಲಿ ಹಾರುವ ಮೃಗದ ಪ್ರಸ್ತಾಪವೂ ಇದೆ. ಕೊಂಬೆಯ ಮೇಲೆ ಬಾಳುವ ಕೋತಿಗೆ ಶಾಖಾಮೃಗವೆಂಬ ಹೆಸರು ಬಂದುದೂ ಈ ವಿಶಾಲವಾದ ಅರ್ಥದಿಂದಲೇ. ಆದುದರಿಂದ ನಮ್ಮ ಮೃಗಾಲಯದ ಮೃಗವೇ ಹಳೆಯದು. ಜಿಂಕೆಯ ಅರ್ಥವು ಅನಂತರ ಬೆಳೆದುದು.

ಆದರೂ ಆ ಅನಂತರದ ಅರ್ಥವು ಬಹು ಬೇಗನೆ ಬಲವಾಯಿತು. ಅಮರಸಿಂಹನು ತನ್ನ ಕೋಶದ ಸಿಂಹಾದಿವರ್ಗದಲ್ಲಿ ಮೃಗವನ್ನು ಕುರಂಗ, ಹರಿಣಗಳ ಸಾಲಿನಲ್ಲಿಯೇ ಇಟ್ಟಿರುವನು. ಬುದ್ಧನು ಮೊದಲ ಉಪದೇಶವನ್ನು ಮಾಡಿದ ಸಾರನಾಥದ ವನಕ್ಕೆ ಪಾಳಿಯಲ್ಲಿ 'ಮಿಗದಾಯ'ವೆಂದು ಹೆಸರು. ಅದು ಜಿಂಕೆಗಳ ವನ. ಚಂದ್ರನು ಮೃಗಾಂಕನಾದುದೂ, ಕಸ್ತೂರಿಯು ಮೃಗಮದವಾದುದೂ, ಬಿಸಿಲ್ಗುದುರೆಯು ಮೃಗತೃಷ್ಣೆಯಾದುದೂ ಈ ಅರ್ಥದಿಂದಲೇ.

ಎಲ್ಲ ಕಾಡುಪ್ರಾಣಿಗಳಿಗೂ ಸಲ್ಲುತ್ತಿದ್ದ ಹೆಸರು ಒಂದೇ ಪ್ರಾಣಿಗೆ ಮೀಸಲಾದುದು ಏಕೆ? ಇದೇ ಬಗೆಯ ಮಾರ್ಪಾಡು ದೂರದ ಭಾಷೆಗಳಲ್ಲಿಯೂ ನಡೆದಿದೆ. ಇಂಗ್ಲಿಷಿನ 'ಡಿಯರ್' ಎಂಬ ಮಾತು ಇಂದು ಜಿಂಕೆಯ ಜಾತಿಗೆ ಮಾತ್ರ ಸಲ್ಲುವುದು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಪ್ರಾಣಿಯೆಂದೇ ಅರ್ಥ. ಅದರ ಸೋದರಶಬ್ದವಾದ ಜರ್ಮನಿನ 'ಟೀರ್' ಈಗಲೂ ಪ್ರಾಣಿಮಾತ್ರಕ್ಕೆ ಹೆಸರು. ಲ್ಯಾಟಿನ್ನಿನ 'ಬೆಸ್ಟಿಯ', ಎಂದರೆ ಕಾಡುಮೃಗ, ಎಂಬ ಶಬ್ದದಿಂದಲೇ ಫ್ರೆಂಚರು ಹೆಣ್ಣು ಜಿಂಕೆಗೆ 'ಬಿಷ್' ಎಂಬ ಹೆಸರನ್ನು ಪಡೆದರು. ಒಂದರ ಪ್ರಭಾವವು ಇನ್ನೊಂದರ ಮೇಲೆ ಬಿದ್ದು ಹೀಗಾದುದಲ್ಲ. ಕಾರಣವು ಬೇಟೆಗಾರನ ಬದುಕಿನಲ್ಲಿದೆಯೆಂದು ತೋರುವುದು. ಬೇಟೆಗೆ ಹೊರಟವನು ಹೆಚ್ಚಾಗಿ ಅರಸಿದುದು ಯಾವುದನ್ನೋ ಅದೇ ಅವನಿಗೆ 'ಪ್ರಾಣಿ'ಯಾಯಿತು. ಸಂಸ್ಕೃತದಲ್ಲಿ ಬೇಟೆಗೆ 'ಮೃಗಯಾ' ಎಂಬ ಹೆಸರಿರುವುದೇ ಈ ಸಂಬಂಧವನ್ನು ಸಾರುವುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮೃಗಯಾವಿನೋದಕ್ಕೆ ಒಂದು ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟಿರುವನು. ಪಳಗಿಸಿದ ಸಿವಂಗಿಗಳನ್ನು ಬಿಟ್ಟು ಜಿಂಕೆಗಳನ್ನು ಹಿಡಿಸುವ ವಿಚಾರವೂ ಅದರಲ್ಲಿದೆ.

ಶಬ್ದದ ಮೂಲವನ್ನು ಕುರಿತು ಪ್ರಾಚೀನರೂ ವಿಚಾರ ಮಾಡಿರುವರು. ನಿರುಕ್ತಕಾರನಾದ ಯಾಸ್ಕನು ಚಲನೆಯನ್ನು ಸೂಚಿಸುವ ಧಾತುವಿನಿಂದ ಇದನ್ನು ಸಾಧಿಸಿರುವನು. ಅವನ ಮತದಲ್ಲಿ ಮೃಗವೆಂದರೆ ಅಲೆಯುವುದು. ವೈಯಾಕರಣರು ಹೇಳುವ 'ಮೃಗ್' ಧಾತುವಿಗೆ ಹುಡುಕುವುದು ಎಂದರ್ಥ. ಈ ಕುಟುಂಬಕ್ಕೆ ಸೇರಿದ ಇನ್ನೊಂದು ಶಬ್ದವನ್ನು ನಾವು ದಿನವೂ ಬಳಸುತ್ತಿರುವೆವು; ಅದೇ 'ಮಾರ್ಗ'. ಮೃಗವು ನಡೆದು ಬಿದ್ದ ಜಾಡೇ ಮಾರ್ಗ. ಬೇಟೆಗಾರನು ಹಿಡಿದು ಹೊರಟ ಆ ಕಾಡುಜಾಡು ಮೊದಲು ಜನರು ನಡೆಯುವ ದಾರಿಯಾಯಿತು. ಮುಂದೆ ಮೋಕ್ಷಕ್ಕೂ ಕಾವ್ಯಕ್ಕೂ ದಾರಿಯಾಯಿತು. ಕನ್ನಡದಲ್ಲಿ ಉಪಲಬ್ಧವಾಗಿರುವ ಅತಿ ಪ್ರಾಚೀನ ಗ್ರಂಥವಾದ, 9ನೆಯ ಶತಮಾನದ ಕವಿರಾಜಮಾರ್ಗದ ಹೆಸರಿನಲ್ಲಿಯೂ ಆ ಜಾಡು ಅಡಗಿರುವುದು.

ಈ ಶಬ್ದದ ಒಂದು ಕವಲು ಪಶ್ಚಿಮಕ್ಕೆ, ಇರಾನಿನಲ್ಲಿ ಬೆಳೆಯಿತು. ಅವೆಸ್ತಾ ಗ್ರಂಥದ ಭಾಷೆಯಲ್ಲಿ ಇದರ ಸೋದರಶಬ್ದವಾದ 'ಮೆರೆಘ'ಕ್ಕೆ ಹಕ್ಕಿಯೆಂದು ಅರ್ಥ. ಪಾರಸಿಯಲ್ಲಿ ಅದೇ 'ಮುರ್ಗ್' ಆಯಿತು. ಹಿಂದುಸ್ತಾನಿಗೆ ಬಂದು ಕೋಳಿಗೆ ಹೆಸರಾಯಿತು. ಹೋಟಲಿನ ಪಟ್ಟಿಯಲ್ಲಿ ಕಾಣುವ ಮುರ್ಗ್ ಎಂಬುದು ಋಗ್ವೇದದ ಮೃಗಕ್ಕೆ ಹತ್ತಿರದ ನೆಂಟನೆಂದರೆ ಕೇಳಿದವರು ನಕ್ಕಾರು. ಆದರೆ ಭಾಷಾಶಾಸ್ತ್ರವು ಈ ನೆಂಟತನವನ್ನು ಒಪ್ಪಿರುವುದು. ನಾವು ಉಷ್ಟ್ರಪಕ್ಷಿಯೆನ್ನುವ ಹಕ್ಕಿಗೆ ಪಾರಸಿಯಲ್ಲಿ 'ಶುತುರ್‌ಮುರ್ಗ್' ಎಂದು ಹೆಸರು. ಅಲ್ಲಿಯೂ ಅರ್ಥವು ಒಂಟೆಹಕ್ಕಿಯೆಂದೇ. ಮರಾಠಿಗರು ಅದೇ ಹಕ್ಕಿಯನ್ನು 'ಶಹಾಮೃಗ'ವೆಂದು ಕರೆಯುವರು. ಪಾರಸಿಯ ಮುರ್ಗ್ ಇಲ್ಲಿ ಮೃಗದ ವೇಷವನ್ನು ತೊಟ್ಟಿದೆ. ಸಹಸ್ರಾರು ವರ್ಷ ಅಗಲಿದ್ದ ಸೋದರರು ಹೀಗೆ ಒಂದೇ ಮಾತಿನಲ್ಲಿ ಕೂಡಿಕೊಂಡಂತಾಯಿತು.

ಇನ್ನು ನಮ್ಮ ನಾಡಿನ ಕಡೆಗೆ ನೋಡೋಣ. ಹಿಂದಿಯಲ್ಲಿಯೂ ಮರಾಠಿಯಲ್ಲಿಯೂ ಮೃಗವೆಂದರೆ ಸಾಮಾನ್ಯವಾಗಿ ಜಿಂಕೆ. ಕನ್ನಡ, ತೆಲುಗು, ತಮಿಳು, ಮಲಯಾಳಗಳಲ್ಲಿ ಮಾತ್ರ ಅದು ಇಂದಿಗೂ ಪ್ರಾಣಿಯೇ. ಇದಕ್ಕೆ ಒಂದು ಕಾರಣವನ್ನು ಊಹಿಸಬಹುದು. ಜಿಂಕೆಯ ಜಾತಿಗಳಿಗೆ ದಕ್ಷಿಣದವರಲ್ಲಿ ಸ್ವಂತ ಹೆಸರುಗಳಿಗೆ ಕೊರತೆಯಿರಲಿಲ್ಲ. ಕನ್ನಡವೊಂದರಲ್ಲಿಯೇ ಜಿಂಕೆ, ಹುಲ್ಲೆ, ಎರಳೆ, ಚಿಗರಿ, ಕಡವೆ ಎಂಬ ಮಾತುಗಳಿವೆ. ಆ ಸ್ಥಾನಗಳೆಲ್ಲ ಮೊದಲೇ ತುಂಬಿದ್ದುದರಿಂದ, ಸಂಸ್ಕೃತದಿಂದ ಬಂದ ಅತಿಥಿಯು ಕಾಡುಪ್ರಾಣಿಗಳ ಸಮೂಹಕ್ಕೆ ಹೆಸರಾಗಿ ನೆಲೆಸಿತು. ಹೀಗೆ ಸಂಸ್ಕೃತ ಕಾವ್ಯಗಳಲ್ಲಿ ಹಿಂದೆ ಸರಿದ ವೈದಿಕಾರ್ಥವನ್ನು ಕನ್ನಡಿಗರ ಆಡುಮಾತು ಕಾಪಾಡಿಕೊಂಡಿರುವುದು. ಪ್ರಾಕೃತದ ರೂಪವಾದ 'ಮಿಗ'ವೂ ನಮ್ಮ ಹಳೆಯ ಕಾವ್ಯಗಳಿಗೆ ಪರಿಚಿತವೇ. ಉತ್ತರ ಕರ್ನಾಟಕದ ಒಕ್ಕಲಿಗರು ಜೂನ್ ತಿಂಗಳ ಮೃಗಶಿರಾ ಮಳೆಯನ್ನು 'ಮಿರಗ'ವೆನ್ನುವಾಗ, ಆಕಾಶದ ಜಿಂಕೆಯ ತಲೆಯೇ ಅವರ ನಾಲಿಗೆಯ ಮೇಲೆ ನಿಂತಿರುವುದು.

ಈ ಎರಡು ಅರ್ಥಗಳನ್ನು ಬೇರೆಬೇರೆಯಾಗಿ ತಿಳಿಯದಿದ್ದರೆ ಚರಿತ್ರೆಯೇ ಕೆಡುವುದು. ಅಶೋಕ ಚಕ್ರವರ್ತಿಯು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಬರೆಯಿಸಿದ ಮೊದಲನೆಯ ಬಂಡೆಶಾಸನದಲ್ಲಿ, ಹಿಂದೆ ಅರಮನೆಯ ಅಡುಗೆಗಾಗಿ ದಿನವೂ ಅನೇಕ ಲಕ್ಷ ಜೀವಗಳು ಹತವಾಗುತ್ತಿದ್ದುವೆಂದೂ, ಈಗ ಎರಡು ನವಿಲುಗಳನ್ನೂ ಒಂದು 'ಮಿಗ'ವನ್ನೂ ಮಾತ್ರ ಕೊಲ್ಲುವರೆಂದೂ, ಆ ಮಿಗವೂ ನಿತ್ಯವಲ್ಲವೆಂದೂ, ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲವೆಂದೂ ಹೇಳಿದೆ. ಕನ್ನಡಿಗನು ತನ್ನ ಮಾತಿನ ಅಭ್ಯಾಸದಿಂದ ಅದನ್ನು 'ಯಾವುದೋ ಒಂದು ಪ್ರಾಣಿ'ಯೆಂದು ಓದಿದರೆ, ಅರಸನ ಲೆಕ್ಕದ ಕಟ್ಟುನಿಟ್ಟೆಲ್ಲ ಸಡಿಲವಾಗುವುದು. ಅಲ್ಲಿ ಉಳಿದಿದ್ದುದು ಒಂದು ಜಿಂಕೆ. ಅದನ್ನೂ ಬಿಡುವ ಸಂಕಲ್ಪವೇ ಆ ಶಾಸನದ ತಿರುಳು. ಇದಕ್ಕೆ ವಿರುದ್ಧವಾಗಿ, ವೇದದ ಮೃಗವನ್ನೆಲ್ಲ ಜಿಂಕೆಯೆಂದು ಓದುವವನು ಆನೆಯನ್ನೇ ಕಳೆದುಕೊಳ್ಳುವನು.

ಕೊನೆಗೆ ಒಂದು ಮಾತು. 1972ರಲ್ಲಿ ಭಾರತದಲ್ಲಿ ಕಾಡುಪ್ರಾಣಿಗಳ ರಕ್ಷಣೆಗಾಗಿ ಶಾಸನವಾಯಿತು. ಅದನ್ನು ಕನ್ನಡದಲ್ಲಿ ನಾವು ವನ್ಯಜೀವಿ ಸಂರಕ್ಷಣಾ ಕಾಯಿದೆಯೆನ್ನುವೆವು. ಬೇಟೆಗಾರನ ಕಣ್ಣಿಗೆ ಮೃಗವಾಗಿದ್ದುದು ಹೀಗೆ ನಾಗರಿಕನ ಕಣ್ಣಿಗೆ ಜೀವಿಯಾಯಿತು. ಆದರೂ ಮನುಷ್ಯನು ಮನುಷ್ಯನಿಗೆ ಮಾಡುವ ಕ್ರೌರ್ಯವನ್ನು ನಾವು ಇನ್ನೂ ಮೃಗೀಯವೆಂದೇ ಕರೆಯುತ್ತಿರುವೆವು. ಈ ಶಬ್ದದ ಚರಿತ್ರೆಯನ್ನು ನೋಡಿದರೆ ಮೃಗವು ಅಟ್ಟಿಸಿಕೊಂಡುದೇ ಹೆಚ್ಚು, ಅಟ್ಟಿದುದು ಕಡಿಮೆ. ಆ ನಿಂದೆಯ ಭಾರವನ್ನು ಹೊರಬೇಕಾದವರು ಯಾರೆಂಬುದನ್ನು ಶ್ರೋತೃಗಳೇ ನಿರ್ಣಯಿಸಬಹುದು.