ಮಣ್ಣಲ್ಲಿ ಮದ್ದು ಹುಡುಕಿದ ಬಗೆ

ಒಂದು ಗ್ರಾಂ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ನೆರೆಯ ಜೀವಿಗಳನ್ನು ಕೊಲ್ಲುವ ರಾಸಾಯನಿಕವನ್ನು ಅವುಗಳಲ್ಲಿ ಕೆಲವು ತಯಾರಿಸುತ್ತವೆ. ಅಂಥವನ್ನು ಬೇಕೆಂದೇ ಹುಡುಕಹೊರಟು ಗೆದ್ದವರಲ್ಲಿ ಮೊದಲಿಗರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ರೆನೆ ಡ್ಯೂಬೋ. ಮಣ್ಣಿಗೆ ರೋಗಾಣುಗಳನ್ನೇ ಉಣಿಸಿ, ಅವನ್ನು ಕೊಂದು ಬದುಕುವ ಬ್ಯಾಸಿಲಸ್ ಒಂದನ್ನು ಅವರು ಹಿಡಿದರು. 1939ರಲ್ಲಿ ಅದರಿಂದ ಸಿಕ್ಕ ಗ್ರಾಮಿಸಿಡಿನ್ ರಕ್ತಕ್ಕೆ ಸೇರಿದರೆ ವಿಷ. ಹಾಗಾಗಿ ಮೇಲೆ ಹಚ್ಚುವ ಮದ್ದಾಗಷ್ಟೇ ಉಳಿಯಿತು.

ಡ್ಯೂಬೋ ಅವರ ಗುರು, ರಟ್‌ಗರ್ಸ್‌ನ ಸೆಲ್ಮನ್ ವಾಕ್ಸ್‌ಮನ್, ಆ್ಯಕ್ಟಿನೊಮೈಸೀಟ್‌ಗಳೆಂಬ ಮಣ್ಣಿನ ಬ್ಯಾಕ್ಟೀರಿಯಾಗಳ ಬೆನ್ನುಹತ್ತಿ ಆಗಲೇ ದಶಕಗಳಾಗಿದ್ದವು. ಅವರ ಪ್ರಯೋಗಾಲಯದ ವಿಧಾನ ಸರಳ. ಮಣ್ಣನ್ನು ನೀರಲ್ಲಿ ಕದಡಿ, ತೆಳ್ಳಗೆ ಮಾಡಿ, ಅಗರ್ ತಟ್ಟೆಯ ಮೇಲೆ ಹರಡಬೇಕು. ಬೆಳೆದ ಒಂದೊಂದು ಬಗೆಯನ್ನೂ ರೋಗಾಣುವಿನ ಎದುರು ಬೆಳೆಸಿ, ಯಾವುದರ ಸುತ್ತ ರೋಗಾಣು ಬೆಳೆಯದೆ ಬೋಳು ವಲಯ ಬಿಡುತ್ತದೆಂದು ನೋಡಬೇಕು. 1943ರಲ್ಲಿ ಅಲ್ಲಿನ ನೆಲಮಾಳಿಗೆಯಲ್ಲಿ ದುಡಿಯುತ್ತಿದ್ದ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್‌ಗೆ ಸ್ಟ್ರೆಪ್ಟೊಮೈಸಸ್ ಗ್ರೀಸಿಯಸ್‌ನ ಎರಡು ತಳಿಗಳು ಸಿಕ್ಕವು. ಒಂದು ಗೊಬ್ಬರ ಹಾಕಿದ ಹೊಲದ್ದು, ಇನ್ನೊಂದು ಕೋಳಿಯ ಗಂಟಲಿನದು. ಕ್ಷಯವನ್ನು ಮಣಿಸಿದ ಮೊದಲ ಆ್ಯಂಟಿಬಯೋಟಿಕ್ ಸ್ಟ್ರೆಪ್ಟೊಮೈಸಿನ್ ಬಂದದ್ದು ಹೀಗೆ. ತಮ್ಮ ಹಕ್ಕು ಕೇಳಿ ಶಾಟ್ಜ್ 1950ರಲ್ಲಿ ಕೋರ್ಟಿಗೆ ಹೋಗಿ ಸಹಶೋಧಕನೆಂಬ ಮನ್ನಣೆ ಪಡೆದರು. ಆದರೂ 1952ರ ನೊಬೆಲ್ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ಹಂಚಬೇಕಿತ್ತು ಎನ್ನುವವರ ಸಾಲಿನಲ್ಲಿ ನಾನೂ ಇದ್ದೇನೆ.

ಆಮೇಲೆ ಔಷಧ ಕಂಪನಿಗಳಿಗೆ ಊರೂರಿನ ಮಣ್ಣು ಹರಿದುಬಂತು. ಕ್ಯಾರಕಾಸ್‌ನ ಮಣ್ಣು ಕ್ಲೋರಾಂಫೆನಿಕಾಲ್ ಕೊಟ್ಟಿತು, ಮಿಸೌರಿಯ ಹೊಲ ಆರಿಯೊಮೈಸಿನ್, ಫಿಲಿಪ್ಪೀನ್ಸ್ ಎರಿಥ್ರೊಮೈಸಿನ್, ಬೋರ್ನಿಯೊ ವ್ಯಾಂಕೊಮೈಸಿನ್. ನಮ್ಮ ಕಡೆಯವರ ಪಾಲೂ ಇದೆ: ಪುಣೆಯ ಬಳಿಯ ಪಿಂಪ್ರಿಯಲ್ಲಿ, ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್‌ನಲ್ಲಿ, ಕನ್ನಡನಾಡಿನ ಎಂ.ಜೆ. ತಿರುಮಲಾಚಾರ್ ಮತ್ತು ಸಂಗಡಿಗರು ಶಿಲೀಂಧ್ರ ಸೋಂಕಿಗೆ ಹ್ಯಾಮೈಸಿನ್ ಕಂಡುಹಿಡಿದರು. ಅದನ್ನು ಕೊಟ್ಟ ಜೀವಿಗೆ ಸ್ಟ್ರೆಪ್ಟೊಮೈಸಸ್ ಪಿಂಪ್ರಿನಾ ಎಂದು ಊರಿನ ಹೆಸರೇ ಅಂಟಿತು.

1960ರ ದಶಕ ಕಳೆಯುವ ಹೊತ್ತಿಗೆ ಸುಗ್ಗಿ ಮುಗಿದಿತ್ತು. ಎಲ್ಲಿಯ ಮಣ್ಣು ತಂದರೂ ಹಳೆಯ ಮದ್ದೇ ಮತ್ತೆ ಮತ್ತೆ ಎದುರಾಗುತ್ತಿತ್ತು. ಒಂದು ಅಂದಾಜಿನಂತೆ ನೂರು ಆ್ಯಕ್ಟಿನೊಮೈಸೀಟ್‌ಗಳಲ್ಲಿ ಒಂದು ಸ್ಟ್ರೆಪ್ಟೊಮೈಸಿನ್ ತಯಾರಿಸುತ್ತದೆ. ಮಣ್ಣು ಬರಿದಾಯಿತೆಂದು ಕಂಪನಿಗಳು ಕೈಚೆಲ್ಲಿದವು. ಬರಿದಾಗಿದ್ದದ್ದು ಅವರ ಜರಡಿ. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಸುಮಾರು ಶೇ. 99ರಷ್ಟು ತಟ್ಟೆಯ ಮೇಲೆ ಬೆಳೆಯುವುದೇ ಇಲ್ಲ.

ಅವನ್ನು ಪ್ರಯೋಗಾಲಯಕ್ಕೆ ಒಗ್ಗಿಸುವ ಬದಲು ಪ್ರಯೋಗಾಲಯವನ್ನೇ ಮಣ್ಣಲ್ಲಿ ಹೂತರು, ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸ್ಲಾವಾ ಎಪ್‌ಸ್ಟೈನ್ ಮತ್ತು ಕಿಮ್ ಲೂಯಿಸ್. ಅವರ ಐಚಿಪ್ ನೂರಾರು ಸಣ್ಣ ತೂತುಗಳಿರುವ ಪಟ್ಟಿ. ತೂತಿಗೊಂದರಂತೆ ಜೀವಕೋಶ ಇಳಿಸಿ, ಎರಡೂ ಬದಿಗೆ ಪೊರೆ ಹೊದಿಸಿ ಮಣ್ಣಿಗೇ ಹಿಂತಿರುಗಿಸುತ್ತಾರೆ. ಪೋಷಕಾಂಶ ಒಳಬರುತ್ತದೆ, ಬ್ಯಾಕ್ಟೀರಿಯಾ ಹೊರಹೋಗದು. ಹೀಗೆ ಬೆಳೆಸಿದ ಎಲೆಫ್ತೀರಿಯಾ ಟೆರ್ರೆಯಿಂದ ಬಂದ ಟೈಕ್ಸೊಬ್ಯಾಕ್ಟಿನ್ 2015ರಲ್ಲಿ ಪ್ರಕಟವಾಯಿತು. ಅದು ಹಿಡಿಯುವುದು ಕೋಶಭಿತ್ತಿ ಕಟ್ಟಲು ಬೇಕಾದ ಲಿಪಿಡ್ಡನ್ನು. ಪ್ರೋಟೀನಿನಂತೆ ಒಂದು ಜೀನ್ ತಿದ್ದಿ ಲಿಪಿಡ್ಡಿನ ಆಕಾರ ಬದಲಿಸಲಾಗದ ಕಾರಣ, ರೋಗಾಣುಗಳಿಗೆ ನಿರೋಧ ಗಳಿಸುವುದು ಕಷ್ಟ.

ಬೆಳೆಸುವ ಗೋಜೇ ಬೇಡವೆಂದವರೂ ಇದ್ದಾರೆ. 2002ರಲ್ಲಿ ಸ್ಟ್ರೆಪ್ಟೊಮೈಸಸ್ ಸೀಲಿಕಲರ್‌ನ ಜೀನೋಮ್ ಓದಿದಾಗ, ಅದರ ಪರಿಚಿತ ರಾಸಾಯನಿಕಗಳಿಗಿಂತ ಎಷ್ಟೋ ಹೆಚ್ಚನ್ನು ತಯಾರಿಸಬಲ್ಲ ಜೀನ್‌ಗುಚ್ಛಗಳು ಕಂಡವು. ರಾಕ್‌ಫೆಲರ್‌ನ ಶಾನ್ ಬ್ರೇಡಿ ಮಣ್ಣಿನಿಂದ ನೇರವಾಗಿ ಡಿಎನ್‌ಎ ತೆಗೆದು, ಪಳಗಿದ ಬ್ಯಾಕ್ಟೀರಿಯಾಕ್ಕೆ ಸೇರಿಸಿ, 2018ರಲ್ಲಿ ಮಲಸಿಡಿನ್‌ಗಳನ್ನು ಹೊರತಂದರು.

ನನಗೆ ಹೆಚ್ಚು ಹಿಡಿಸಿದ್ದು ಕೆನಡಾದ ಮ್ಯಾಕ್‌ಮಾಸ್ಟರ್ ತಂಡದ ತಾಳ್ಮೆ. ಹ್ಯಾಮಿಲ್ಟನ್ನಿನ ಒಂದು ಹಿತ್ತಲ ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಸುಮಾರು ಒಂದು ವರ್ಷ ಬೆಳೆಯಬಿಟ್ಟು, ನಿಧಾನಿಗಳಿಗೂ ಅವಕಾಶ ಕೊಟ್ಟರು. 2025ರಲ್ಲಿ ಪ್ರಕಟವಾದ ಲಾರಿಯೊಸಿಡಿನ್ ಅದರ ಫಲ.

ಇವು ಔಷಧ ಅಂಗಡಿ ತಲುಪುವ ದಾರಿ ಮಾತ್ರ ದೂರವಿದೆ. ಮಣ್ಣಿನ ಮೈಕ್ರೊಮೊನೊಸ್ಪೋರಾ ಮೂಲದ ರಾಸಾಯನಿಕವನ್ನು ತಿದ್ದಿ ಮಾಡಿದ ಪ್ಲಾಜೊಮೈಸಿನ್‌ಗೆ ಅಮೆರಿಕದ ಒಪ್ಪಿಗೆ ಸಿಕ್ಕಿದ್ದು 2018ರ ಜೂನ್‌ನಲ್ಲಿ. ಹೊಸ ಆ್ಯಂಟಿಬಯೋಟಿಕ್ಕನ್ನು ವೈದ್ಯರು ಕೊನೆಯ ಅಸ್ತ್ರವಾಗಿ ಎತ್ತಿಡುತ್ತಾರೆ, ಮಾರಾಟ ಏಳುವುದಿಲ್ಲ. ಪ್ಲಾಜೊಮೈಸಿನ್ ತಯಾರಿಸಿದ ಅಕೇಯೊಜೆನ್ ಕಂಪನಿ 2019ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.