ರೇಸುಗಳ ನಡುವಿನ ವಾರಗಳು

2018ರ ನವೆಂಬರ್ 16ರ ಬೆಳಗಿನ ಜಾವ ಗಜ ಚಂಡಮಾರುತ ತಮಿಳುನಾಡಿನ ವೇದಾರಣ್ಯದ ಬಳಿ ದಡಕ್ಕೆ ಅಪ್ಪಳಿಸಿತು. ಅದೇ ದಿನ ವಿಜಯವಾಡದಲ್ಲಿ, ಪ್ರಕಾಶಂ ಬ್ಯಾರೇಜು ತಡೆದು ನಿಲ್ಲಿಸಿದ ಕೃಷ್ಣೆಯ ನೀರಿನಲ್ಲಿ, ಎಫ್1ಎಚ್2ಒ ಪವರ್‌ಬೋಟ್ ವಿಶ್ವ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಆರಂಭವಾಯಿತು. ಅಮರಾವತಿಯ ಹೆಸರಿನಲ್ಲಿ ನಡೆದ ಮೂರು ದಿನಗಳ ಕೂಟ ಅದು. ತಿಂಗಳ ಹಿಂದೆ, ಅಕ್ಟೋಬರ್ 11ರಂದು, ತಿತ್ಲಿ ಚಂಡಮಾರುತ ಶ್ರೀಕಾಕುಳಂ ಜಿಲ್ಲೆಯನ್ನು ಹಣ್ಣುಗಾಯಿ ಮಾಡಿ ಹೋಗಿತ್ತು. ತಿಂಗಳ ನಂತರ, ಡಿಸೆಂಬರ್ 17ರಂದು, ಫೆಥಾಯ್ ಗೋದಾವರಿ ಮುಖಜ ಭೂಮಿಗೆ ಬಂತು. ಎರಡು ಗಾಳಿಗಳ ನಡುವೆ ಸಿಕ್ಕ ಸಂದಿಯಲ್ಲಿ, ಮೂರನೆಯದು ದಕ್ಷಿಣಕ್ಕೆ ಹೊರಳಿಕೊಂಡದ್ದರಿಂದ, ದೋಣಿಗಳು ಓಡಿದವು.

ಆಂಧ್ರದ ಕರಾವಳಿಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಯಾವ ದಿನಾಂಕವೂ ಪೂರ್ತಿ ನಿಮ್ಮದಲ್ಲ. 2014ರ ಅಕ್ಟೋಬರ್ 12ರ ಭಾನುವಾರ ಹುದ್‌ಹುದ್ ಚಂಡಮಾರುತ ನೇರ ವಿಶಾಖಪಟ್ಟಣದ ಮೇಲೆಯೇ ಬಿತ್ತು. ಎರಡು ದಿನಗಳ ನಂತರ ಅಲ್ಲಿ ನಡೆಯಬೇಕಿದ್ದ ಭಾರತ–ವೆಸ್ಟ್ ಇಂಡೀಸ್ ಏಕದಿನ ಪಂದ್ಯ ರದ್ದಾಯಿತು. ಕ್ರಿಕೆಟ್ ತಂಡ ಕಿಟ್‌ಬ್ಯಾಗ್ ಹೊತ್ತು ಮುಂದಿನ ಊರಿಗೆ ವಿಮಾನ ಹತ್ತಬಹುದು. ಮೋಟಾರು ರೇಸಿಗೆ ಅಷ್ಟು ಸಲೀಸಿಲ್ಲ. ಅದರ ಹಿಂದೆ ನೂರಾರು ಟನ್ ಸಾಮಾನು ಬರುತ್ತದೆ, ಅದರಲ್ಲಿ ಒಂದು ದೊಡ್ಡ ಪಾಲು ಕಂಟೇನರುಗಳಲ್ಲಿ, ಹಡಗಿನ ಮೇಲೆ. ರೇಸಿನ ವೇಳಾಪಟ್ಟಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಟ್ರ್ಯಾಕಿನಷ್ಟೇ ಬಂದರನ್ನೂ ನೋಡಬೇಕು.

ಮೊದಲು ಹೀಗಿರಲಿಲ್ಲ. 1950ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ ಹುಟ್ಟಿದಾಗ ಇದ್ದದ್ದು ಏಳೇ ರೇಸು. ಮೇ 13ಕ್ಕೆ ಸಿಲ್ವರ್‌ಸ್ಟೋನ್, 21ಕ್ಕೆ ಮೊನಾಕೊ, 30ಕ್ಕೆ ಅಮೆರಿಕದ ಇಂಡಿಯಾನಾಪೊಲಿಸ್, ಜೂನ್ 4ಕ್ಕೆ ಸ್ವಿಟ್ಜರ್‌ಲೆಂಡ್. ಇಂಡಿಯಾನಾಪೊಲಿಸ್ ಲೆಕ್ಕಕ್ಕಷ್ಟೇ ಇತ್ತು, ಯುರೋಪಿನ ತಂಡಗಳು ಅಟ್ಲಾಂಟಿಕ್ ದಾಟಲಿಲ್ಲ. ಜುಲೈ 2ರ ಫ್ರಾನ್ಸ್ ರೇಸಿನ ನಂತರ ಸೆಪ್ಟೆಂಬರ್ 3ರ ಇಟಲಿಯ ತನಕ ಒಂಬತ್ತು ವಾರ ಏನೂ ಇಲ್ಲ. ಚಾಂಪಿಯನ್‌ಷಿಪ್ ಎಂಬುದು ಆಗಲೇ ನಡೆಯುತ್ತಿದ್ದ ಬಿಡಿ ರೇಸುಗಳಿಗೆ ಪೋಣಿಸಿದ ದಾರವಾಗಿತ್ತು. ಪ್ರತಿ ಕ್ಲಬ್ಬು ತನ್ನ ಊರಿನ ಹಳೆಯ ದಿನವನ್ನು ಬಿಟ್ಟುಕೊಡುತ್ತಿರಲಿಲ್ಲ.

ಆ ಕಾಲದ ಅಂತರಗಳು ಇಂದಿನವರಿಗೆ ವಿಚಿತ್ರವೆನಿಸುತ್ತವೆ. 1968ರ ಮೊದಲ ರೇಸು ಹೊಸ ವರ್ಷದ ದಿನವೇ, ದಕ್ಷಿಣ ಆಫ್ರಿಕದಲ್ಲಿ. ಗೆದ್ದವನು ಜಿಮ್ ಕ್ಲಾರ್ಕ್. ಎರಡನೆಯದು ಮೇ 12ಕ್ಕೆ ಸ್ಪೇನಿನಲ್ಲಿ. ನಡುವಿನ ನಾಲ್ಕು ತಿಂಗಳು ಚಾಲಕರು ಸುಮ್ಮನೆ ಕೂರಲಿಲ್ಲ, ಸಿಕ್ಕ ಸಣ್ಣ ರೇಸುಗಳಲ್ಲೆಲ್ಲ ಓಡಿದರು. ಏಪ್ರಿಲ್ 7ರಂದು ಹಾಕನ್‌ಹೈಮ್‌ನ ಫಾರ್ಮುಲಾ ಟೂ ರೇಸಿನಲ್ಲಿ ಕ್ಲಾರ್ಕ್ ತೀರಿಕೊಂಡ. ವೇಳಾಪಟ್ಟಿಯಲ್ಲಿ ಖಾಲಿ ಕಾಣುವ ವಾರಗಳು ಚಾಲಕನ ಪಾಲಿಗೆ ಖಾಲಿಯಾಗಿರಲಿಲ್ಲ.

ದೂರದರ್ಶನದ ಹಣ ಬಂದ ಮೇಲೆ ಈ ಚದುರಿದ ದಿನಗಳಿಗೆ ಒಂದು ತಾಳ ಕೂಡಿತು. 1984ರಿಂದ 1994ರ ತನಕ ವರ್ಷಕ್ಕೆ ಹದಿನಾರು ರೇಸು ಎಂಬುದು ಬಹುತೇಕ ಕಟ್ಟಳೆಯೇ ಆಗಿಬಿಟ್ಟಿತ್ತು, ಸಾಮಾನ್ಯವಾಗಿ ಎರಡು ವಾರಕ್ಕೊಂದು. ಈ ಎರಡು ವಾರ ಪ್ರೇಕ್ಷಕನಿಗಾಗಿ ಇದ್ದದ್ದಲ್ಲ. ರೇಸು ಮುಗಿದ ಭಾನುವಾರ ರಾತ್ರಿ ಲಾರಿ ತುಂಬಿ, ಕಾರ್ಖಾನೆಗೆ ಮರಳಿ, ಎಂಜಿನ್ ಬಿಚ್ಚಿ ಕಟ್ಟಿ, ಮತ್ತೆ ಗುರುವಾರಕ್ಕೆ ಮುಂದಿನ ಟ್ರ್ಯಾಕು ಮುಟ್ಟಲು ಬೇಕಾಗುತ್ತಿದ್ದ ಕಾಲ ಅದು. ಲಾರಿ ಓಡುವಷ್ಟು ದೂರದಲ್ಲೇ ಎಲ್ಲ ಇದ್ದರೆ ಬಿಡುವೇ ಬೇಡವೆನ್ನುವುದಕ್ಕೆ ಅಮೆರಿಕದ ನ್ಯಾಸ್ಕಾರ್ ಸಾಕ್ಷಿ. ಅಲ್ಲಿ ಫೆಬ್ರವರಿಯಿಂದ ನವೆಂಬರಿನೊಳಗೆ ಅಂಕಕ್ಕೆ ಓಡುವ ರೇಸುಗಳೇ 36. ಹೆಚ್ಚುಕಡಿಮೆ ವಾರಕ್ಕೊಂದು.

ಫಾರ್ಮುಲಾ ಒನ್ ಯುರೋಪು ಬಿಟ್ಟು ಹೊರಟಾಗ ಲಾರಿಯ ಲೆಕ್ಕ ಕೆಟ್ಟಿತು. ಕಾರು, ಎಂಜಿನ್, ಕಂಪ್ಯೂಟರುಗಳನ್ನು ವಿಮಾನದಲ್ಲಿ ಒಯ್ಯುತ್ತಾರೆ. ಗ್ಯಾರೇಜಿನ ಗೋಡೆ, ಜಾಕು, ಅಡುಗೆಮನೆ, ಕುರ್ಚಿ, ಮೇಜುಗಳಂಥ ಭಾರದ ಸಾಮಾನಿಗೆ ಹಡಗೇ ಗತಿ. ಹಡಗು ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ತಂಡಗಳು ಕಂಡುಕೊಂಡ ದಾರಿ ಸರಳ ಮತ್ತು ದುಬಾರಿ: ಒಂದೇ ಬಗೆಯ ಸಾಮಾನಿನ ಹಲವು ಜೊತೆ ಮಾಡಿ, ಒಂದೊಂದನ್ನು ಒಂದೊಂದು ಸಮುದ್ರಕ್ಕೆ ಬಿಡುವುದು. ಒಂದು ಜೊತೆ ಬಳಕೆಯಲ್ಲಿರುವಾಗ ಇನ್ನೊಂದು ಮುಂದಿನ ಬಂದರಿನಲ್ಲಿ ಇಳಿಯುತ್ತಿರುತ್ತದೆ, ಮತ್ತೊಂದು ಇನ್ನೂ ನಡುನೀರಿನಲ್ಲಿರುತ್ತದೆ. ಹೀಗೆ ಸಾಮಾನು ಮೊದಲೇ ಹೋಗಿ ಕಾಯುವಂತಾದ ಮೇಲೆ ವಾರ ವಾರವೂ ರೇಸಿಡಲು ಅಡ್ಡಿಯೇ ಉಳಿಯಲಿಲ್ಲ. ಉಳಿದ ಅಡ್ಡಿ ಮನುಷ್ಯರು.

2018ರಲ್ಲಿ ಫ್ರಾನ್ಸ್, ಆಸ್ಟ್ರಿಯಾ, ಬ್ರಿಟನ್ ಸತತ ಮೂರು ಭಾನುವಾರ ಬಂದವು. ಚಾಂಪಿಯನ್‌ಷಿಪ್ಪಿನ ಇತಿಹಾಸದಲ್ಲಿ ಅದೇ ಮೊದಲು. ಮೆಕ್ಯಾನಿಕ್‌ಗಳು ಗೊಣಗಿದರು. 2020ರಲ್ಲಿ ಕೋವಿಡ್ ಬಂದು ಜುಲೈ 5ರ ತನಕ ಏನೂ ನಡೆಯದಾದಾಗ, ಡಿಸೆಂಬರ್ 13ರೊಳಗೆ 17 ರೇಸು ತುರುಕಲಾಯಿತು. ತುರ್ತಿಗೆ ಮಾಡಿದ್ದು ಆಮೇಲೆ ರೂಢಿಯಾಯಿತು ಎಂದೇ ನನ್ನ ಅನಿಸಿಕೆ. 2024ರಲ್ಲಿ ರೇಸುಗಳ ಸಂಖ್ಯೆ 24ಕ್ಕೇರಿತು. ಅದರ ಹಿಂದಿನ ವರ್ಷ ಲಾಸ್ ವೇಗಾಸಿನಲ್ಲಿ ನವೆಂಬರ್ 18ರ ರಾತ್ರಿ ಓಡಿದವರು 26ಕ್ಕೆ ಅಬುಧಾಬಿಯಲ್ಲಿ ಓಡಿದರು. ಎರಡೂರಿನ ಗಡಿಯಾರಗಳ ನಡುವೆ ಹನ್ನೆರಡು ಗಂಟೆಯ ವ್ಯತ್ಯಾಸ. ಆಗಸ್ಟಿನಲ್ಲಿ ಎರಡು ವಾರ ಕಾರ್ಖಾನೆಗೆ ಕಡ್ಡಾಯ ಬೀಗ ಎಂಬ ನಿಯಮವೊಂದಿದೆ. ಅದಿಲ್ಲದಿದ್ದರೆ ಈ ಮಂದಿ ಹೆಂಡತಿ ಮಕ್ಕಳ ಮುಖ ನೋಡುತ್ತಿದ್ದರೋ ಇಲ್ಲವೋ. ಇತ್ತೀಚೆಗೆ ಅಕ್ಕಪಕ್ಕದ ದೇಶಗಳನ್ನು ಒಟ್ಟಿಗೆ ಇಡುವ ವಿವೇಕ ಮೂಡಿದೆ. ಶರತ್ಕಾಲದ ಜಪಾನ್ ರೇಸನ್ನು 2024ರಲ್ಲಿ ಏಪ್ರಿಲಿಗೆ ತಂದದ್ದು ಇದಕ್ಕಾಗಿಯೇ.

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಬಯಲಿನ ಓಟಕ್ಕೆ ಒಪ್ಪುವ ಕಾಲ ಸುಮಾರು ನವೆಂಬರಿನಿಂದ ಫೆಬ್ರವರಿ. ಇದು ನಮ್ಮವರಿಗೆ ಮೊದಲಿನಿಂದ ಗೊತ್ತು. ಮದ್ರಾಸಿನ ಹೊರಗೆ ಶೋಲಾವರಂನ ಹಳೆಯ ವಿಮಾನದ ಪಟ್ಟಿಯ ಮೇಲೆ ಕಾರು ಓಡಿಸುತ್ತಿದ್ದವರು ಆರಿಸಿಕೊಂಡದ್ದು ಫೆಬ್ರವರಿಯನ್ನು. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗೆ ಬಂದದ್ದು ನವೆಂಬರಿನ ಕೊನೆಗೆ. ಎಂಜಿನ್ನಿಲ್ಲದ ನಮ್ಮ ಕಂಬಳದ ಪಟ್ಟಿಯೂ ಹೀಗೆಯೇ: ಭತ್ತದ ಕೊಯ್ಲು ಮುಗಿದ ನವೆಂಬರಿನಿಂದ ಮಾರ್ಚಿನ ತನಕ, ವಾರಾಂತ್ಯಕ್ಕೊಂದು ಊರು. ಓಡುವ ಕೋಣಗಳು ಬಹುಪಾಲು ಅವೇ ಆದ್ದರಿಂದ ಒಂದೇ ದಿನ ಎರಡು ಕಡೆ ಇಡುವಂತಿಲ್ಲ. 2023ರ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಸಿದವರು ಘಟ್ಟ ಹತ್ತಿಸಿ ಇಳಿಸುವ ದಣಿವನ್ನೂ ಲೆಕ್ಕ ಹಾಕಬೇಕಾಯಿತು. ಲಾಸ್ ವೇಗಾಸಿನಿಂದ ಅಬುಧಾಬಿಗೆ ಹಾರಿದವರ ಸಮಸ್ಯೆಯೂ ಜಾತಿಯಲ್ಲಿ ಬೇರೆಯದಲ್ಲ.

ಜಗತ್ತಿನ ದೊಡ್ಡ ಚಾಂಪಿಯನ್‌ಷಿಪ್‌ಗಳಿಗೆ ಮಾತ್ರ ಈ ನಾಲ್ಕು ತಿಂಗಳಲ್ಲಿ ಬಹುಪಾಲು ರಜೆ. ನಮ್ಮ ತೊಡಕಿನ ಬೇರು ಇಲ್ಲಿದೆ. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕಿಟ್ಟಿಗೆ ಫಾರ್ಮುಲಾ ಒನ್ 2011, 2012, 2013ರಲ್ಲಿ ಬಂತು. ಮೂರು ಸಲವೂ ಅಕ್ಟೋಬರಿನ ಕೊನೆಯ ಭಾನುವಾರ, ಮೂರು ಸಲವೂ ಗೆದ್ದವನು ಸೆಬಾಸ್ಟಿಯನ್ ವೆಟೆಲ್. ಮೊದಲ ವರ್ಷವಂತೂ ದೀಪಾವಳಿ ಕಳೆದು ನಾಲ್ಕೇ ದಿನ. ಆಮೇಲೆ ಋತುವಿನ ಆರಂಭಕ್ಕೆ ಸರಿಸುವ ಮಾತು ಬಂತು. ಅಕ್ಟೋಬರಿನಲ್ಲಿ ಒಂದು, ಮುಂದಿನ ಮಾರ್ಚಿನಲ್ಲಿ ಇನ್ನೊಂದು ಎಂದರೆ ಆರು ತಿಂಗಳೊಳಗೆ ಎರಡು ಸಲ ಟಿಕೆಟ್ ಮಾರಬೇಕು. ಹಾಗಾಗಿ 2014ನ್ನು ಬಿಟ್ಟು 2015ಕ್ಕೆ ಎಂದರು. ತೆರಿಗೆಯ ತಕರಾರೂ ಜೊತೆಗಿತ್ತು. ಬಿಟ್ಟ ಒಂದು ವರ್ಷ ಮತ್ತೆ ತುಂಬಲೇ ಇಲ್ಲ. 2023ರ ಸೆಪ್ಟೆಂಬರ್ 24ಕ್ಕೆ ಅದೇ ಟ್ರ್ಯಾಕಿಗೆ ಮೋಟೊಜಿಪಿ ಬಂದಾಗ ಸೆಖೆ ತಾಳದೆ 24 ಸುತ್ತಿನ ರೇಸನ್ನು 21ಕ್ಕೆ ಇಳಿಸಿದರು.

ಚಳಿಗಾಲಕ್ಕೆ ಬರಬಲ್ಲದ್ದು ಫಾರ್ಮುಲಾ ಇ. ವಿದ್ಯುತ್ ಕಾರುಗಳ ಈ ಚಾಂಪಿಯನ್‌ಷಿಪ್ ಜನವರಿ ಹೊತ್ತಿಗೆಲ್ಲ ಓಟದಲ್ಲಿರುತ್ತದೆ. 2023ರ ಫೆಬ್ರವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಅದು ಓಡಿತು. ಹವೆ ಹಿತವಾಗಿತ್ತು, ದಿನಾಂಕ ಸರಿಯಾಗಿತ್ತು. ಮರುವರ್ಷ ಫೆಬ್ರವರಿ 10ಕ್ಕೆಂದು ನಿಗದಿಯಾಗಿದ್ದಾಗ ತೆಲಂಗಾಣದಲ್ಲಿ ಸರ್ಕಾರ ಬದಲಾಗಿ, ಜನವರಿ ಮೊದಲ ವಾರದಲ್ಲೇ ರೇಸು ರದ್ದಾಯಿತು. ಬದಲಿ ಊರು ಹುಡುಕಲು ಸಮಯವಿರಲಿಲ್ಲ. ಜನವರಿ 27ರ ಸೌದಿ ರೇಸಿನ ನಂತರ ಮಾರ್ಚ್ 16ರ ಸಾವೊ ಪಾವ್ಲೊ ತನಕ ಏಳು ವಾರ ಬರಿದಾಗಿ ಉಳಿಯಿತು. 1950ರ ಒಂಬತ್ತು ವಾರಗಳಿಗೆ ಕ್ಲಬ್ಬುಗಳ ಹಟ ಕಾರಣವಾಗಿತ್ತು, ಇದಕ್ಕೆ ಒಂದು ಚುನಾವಣೆ.

ಬಂಗಾಳ ಕೊಲ್ಲಿ ಇನ್ನೊಂದು ಲೆಕ್ಕವನ್ನೂ ಬದಲಿಸಿತು. ಚೆನ್ನೈನ ಐಲ್ಯಾಂಡ್ ಗ್ರೌಂಡ್ಸ್ ಸುತ್ತ ಬೀದಿ ರೇಸೊಂದು 2023ರ ಡಿಸೆಂಬರ್ 9 ಮತ್ತು 10ಕ್ಕೆ ಸಿದ್ಧವಾಗಿತ್ತು. ಮಿಚಾಂಗ್ ಚಂಡಮಾರುತ ಊರನ್ನು ಮುಳುಗಿಸಿ, ಡಿಸೆಂಬರ್ 5ರಂದು ಆಂಧ್ರದ ಬಾಪಟ್ಲದ ಬಳಿ ದಡ ಸೇರಿತು. ಮುಂದೂಡಿದ ಆ ರೇಸು ನಡೆದದ್ದು 2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು, ದೀಪದ ಬೆಳಕಿನಲ್ಲಿ.