ಗಾದಿಯಿಂದ ಇಳಿಸುವವರು ಯಾರು?

ಸಾಂಗಲಿ ಜಿಲ್ಲೆಯ ಜತ್ ತಾಲ್ಲೂಕಿನಲ್ಲಿರುವ ತಿಕೋಂಡಿ ಮಹಾರಾಷ್ಟ್ರದ ನಕಾಶೆಯೊಳಗಿನ ಕನ್ನಡದ ಊರು. ಮನೆಮಾತು ಕನ್ನಡ, ಕಚೇರಿಯ ಕಾಗದಪತ್ರ ಮರಾಠಿ. ಈ ಸೀಮೆಯ ಮತದಾರರು ಐದೇ ವರ್ಷದ ಅವಧಿಯಲ್ಲಿ ಮೂರು ಸಲ ನಿಯಮ ಬದಲಾದದ್ದನ್ನು ನೋಡಿದ್ದಾರೆ. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ಕಾಯ್ದೆ ತಿದ್ದಿ, ಸರಪಂಚರನ್ನು ಊರಿನ ಮತದಾರರೇ ನೇರವಾಗಿ ಆರಿಸಬೇಕು ಎಂದಿತು. ಮುಂಬಯಿಯಲ್ಲಿ ಸರ್ಕಾರ ಬದಲಾಯಿತು. 2020ರಲ್ಲಿ ಸದಸ್ಯರೇ ತಮ್ಮೊಳಗೊಬ್ಬರನ್ನು ಆರಿಸಿಕೊಳ್ಳುವ ಹಳೆಯ ಪದ್ಧತಿ ಮರಳಿತು. 2022ರಲ್ಲಿ ಮತ್ತೆ ಸರ್ಕಾರ ಬದಲಾಯಿತು, ನೇರ ಚುನಾವಣೆಯೂ ವಾಪಸಾಯಿತು. ಗಡಿ ದಾಟಿ ವಿಜಯಪುರ ಜಿಲ್ಲೆಗೆ ಬಂದರೆ ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಇವತ್ತಿಗೂ ಆರಿಸುವವರು ಸದಸ್ಯರೇ.

ಮುಖ್ಯಸ್ಥನನ್ನು ಜನ ಆರಿಸಬೇಕೋ, ಜನ ಆರಿಸಿದವರು ಆರಿಸಬೇಕೋ? ಇಸ್ಲಾಮಾಬಾದ್, ಢಾಕಾ, ಕೊಲಂಬೊ, ಕಾಠ್ಮಂಡುಗಳು ಮುಕ್ಕಾಲು ಶತಮಾನದಿಂದ ಗುದ್ದಾಡುತ್ತಿರುವ ಪ್ರಶ್ನೆಯೂ ಇದೇ. ಆದರೆ ಚರ್ಚೆಯೆಲ್ಲ ಕೂರಿಸುವುದರ ಸುತ್ತಲೇ ನಡೆದು, ಇಳಿಸುವುದರ ಕಡೆಗೆ ಗಮನ ಕಡಿಮೆ. ದಕ್ಷಿಣ ಏಷ್ಯಾದ ಸಂವಿಧಾನಗಳ ಕಥೆಯನ್ನು ಹಿಂದುಮುಂದಾಗಿ, ಅಂದರೆ ಇಳಿಸುವ ತುದಿಯಿಂದ, ಓದಿದರೆ ಅದರ ಗಂಟುಗಳು ಬೇಗ ಬಿಚ್ಚಿಕೊಳ್ಳುತ್ತವೆ.

ಜತ್ ಸೀಮೆಯಿಂದಲೇ ಶುರುಮಾಡಬಹುದು. ಇದು ಡಫಳೆ ಮನೆತನದ ಸಂಸ್ಥಾನವಾಗಿತ್ತು. ಮೂಲದಲ್ಲಿ ಡಫಳಾಪುರದ ಪಾಟೀಲರು, ವಿಜಯಪುರದ ಆದಿಲಶಾಹಿಯ ಸೇವೆಯಲ್ಲಿ ಮೇಲೆ ಬಂದವರು. ಸುಮಾರು 2,500 ಚದರ ಕಿಲೋಮೀಟರಿನ ಈ ಸಂಸ್ಥಾನದಲ್ಲಿ 1901ರ ಜನಗಣತಿಗೆ ಸಿಕ್ಕವರು 68,665 ಜನ. ದೊರೆಯ ದಬ್ಬಾಳಿಕೆಯ ಬಗ್ಗೆ ದೂರುಗಳು ಹೆಚ್ಚಾದಾಗ ಬ್ರಿಟಿಷರು ಆಡಳಿತವನ್ನು ತಾವೇ ವಹಿಸಿಕೊಂಡರು. 1874ರಿಂದ 1885ರವರೆಗೆ ಜತ್‌ನಲ್ಲಿ ಗಾದಿ ಇದ್ದರೂ ಅಧಿಕಾರ ಬೇರೆಯವರ ಕೈಯಲ್ಲಿತ್ತು. ರೈತ ದೂರು ಕೊಡಬಹುದಿತ್ತು, ದೊರೆಯನ್ನು ಬದಿಗೆ ಸರಿಸುವ ಹಕ್ಕು ಅವನದಾಗಿರಲಿಲ್ಲ. ಅದಕ್ಕೆ ಬ್ರಿಟಿಷ್ ಏಜೆಂಟ್ ಸಾಹೇಬರ ಮನಸ್ಸು ಬರಬೇಕಿತ್ತು.

ಪಕ್ಕದ ಔಂಧ್ ಸಂಸ್ಥಾನ ಮಾತ್ರ ಬೇರೆಯೇ ದಾರಿ ಹಿಡಿಯಿತು. ಭವಾನರಾವ್ ಪಂತ ಪ್ರತಿನಿಧಿಯವರು 1939ರ ಜನವರಿಯಲ್ಲಿ ಗಾಂಧೀಜಿಯ ಸಲಹೆಯಂತೆ ತಮ್ಮ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸುವ ಸ್ವರಾಜ್ಯ ಸಂವಿಧಾನ ಜಾರಿಗೆ ತಂದರು. ಅದಕ್ಕೆ ರೂಪ ಕೊಟ್ಟವರಲ್ಲಿ ಪೋಲೆಂಡಿನಿಂದ ಬಂದ ಎಂಜಿನಿಯರ್ ಮಾರಿಸ್ ಫ್ರೀಡ್ಮನ್ ಒಬ್ಬರು. ಊರಿಗೆ ಪಂಚಾಯಿತಿ, ಪಂಚಾಯಿತಿಗಳಿಂದ ತಾಲ್ಲೂಕು ಸಮಿತಿ, ಅಲ್ಲಿಂದ ಶಾಸನಸಭೆ. ಔಂಧ್‌ನ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿರಲಿಲ್ಲ. ಆಟಪಾಡಿ ಜತ್‌ನ ನೆರೆಯಲ್ಲಿತ್ತು, ಗುಣದಾಳ ವಿಜಯಪುರದ ಕನ್ನಡ ನೆಲದೊಳಗಿತ್ತು. ಗುಣದಾಳದ ಕನ್ನಡಿಗರಿಗೆ ಸ್ವಾತಂತ್ರ್ಯಕ್ಕಿಂತ ಎಂಟು ವರ್ಷ ಮೊದಲೇ ತಮ್ಮದೊಂದು ಸಂವಿಧಾನವಿತ್ತು ಎಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಯಾಕೋ ಜಾಗ ಪಡೆದಿಲ್ಲ.

1948ರ ಮಾರ್ಚ್ 8ರಂದು ಜತ್ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಜನ ಒಂದೇ ದಿನದಲ್ಲಿ ಪ್ರಜಾಪ್ರಭುತ್ವಕ್ಕೆ ಕಾಲಿಟ್ಟರೆಂದು ತಿಳಿಯಬೇಕಿಲ್ಲ. ಮುಂದಿನ ಇಪ್ಪತ್ತೆರಡು ತಿಂಗಳು ಕಾಗದದ ಮೇಲೆ ಅವರ ದೇಶದ ಮುಖ್ಯಸ್ಥರು ಆರನೇ ಜಾರ್ಜ್ ದೊರೆಯೇ. ಅವರ ಪರವಾಗಿ ದಿಲ್ಲಿಯಲ್ಲಿ ಮೊದಲು ಮೌಂಟ್‌ಬ್ಯಾಟನ್, 1948ರ ಜೂನ್‌ನಿಂದ ರಾಜಾಜಿ ಗವರ್ನರ್ ಜನರಲ್ ಆಗಿದ್ದರು. 1950ರ ಜನವರಿ 26ಕ್ಕೆ ಈ ಕೊಂಡಿ ಕಳಚಿತು. ಪಾಕಿಸ್ತಾನಕ್ಕೆ ಅದೇ ಕೆಲಸಕ್ಕೆ 1956 ಬೇಕಾಯಿತು, ಸಿಲೋನಿಗೆ 1972.

ಮೈಸೂರಿನಲ್ಲಿ ಬದಲಾವಣೆ ಇನ್ನೂ ಮೆಲ್ಲಗೆ ನಡೆಯಿತು. ಜಯಚಾಮರಾಜೇಂದ್ರ ಒಡೆಯರ್ ಮಹಾರಾಜರಾಗಿದ್ದವರು 1950ರಲ್ಲಿ ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರಾದರು, 1964ರಲ್ಲಿ ಮದ್ರಾಸಿಗೆ ರಾಜ್ಯಪಾಲರಾಗಿ ಹೋದರು. ವಂಶದಿಂದ ಬಂದ ಗಾದಿಯಿಂದ ಹೊರಟು ರಾಷ್ಟ್ರಪತಿಯ ಮರ್ಜಿ ಇರುವಷ್ಟು ದಿನ ಮಾತ್ರ ಉಳಿಯುವ ಕುರ್ಚಿಗೆ ಒಬ್ಬರೇ ವ್ಯಕ್ತಿ ನಡೆದು ಬಂದದ್ದು ಅಪರೂಪವೇ.

ಸಂಸ್ಥಾನದ ಚಾಕರಿಯಿಂದ ರಾಷ್ಟ್ರಪತಿ ಭವನಕ್ಕೆ ಹೋದ ಕನ್ನಡಿಗ ಬಿ.ಡಿ. ಜತ್ತಿ. 1912ರಲ್ಲಿ ಜಮಖಂಡಿ ಸೀಮೆಯ ಸಾವಳಗಿಯಲ್ಲಿ ಹುಟ್ಟಿದವರು, ಪಟವರ್ಧನರ ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿಯಾಗಿದ್ದವರು. ಜಮಖಂಡಿಯೂ ಮುಂಬಯಿಗೆ ಸೇರಿದ ಮೇಲೆ 1952ರಲ್ಲಿ ಮೊರಾರ್ಜಿ ದೇಸಾಯಿ ಸಂಪುಟದಲ್ಲಿ ಉಪಮಂತ್ರಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ. 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಇಂದಿರಾ ಗಾಂಧಿ ಸೋತರು, ತುರ್ತುಪರಿಸ್ಥಿತಿ ರದ್ದಾಯಿತು, ಮಾರ್ಚ್ 24ರಂದು ಮೊರಾರ್ಜಿ ದೇಸಾಯಿ ಪ್ರಮಾಣವಚನ ಸ್ವೀಕರಿಸಿದರು. ಬೋಧಿಸಿದವರು ಅವರ ಹಳೆಯ ಉಪಮಂತ್ರಿ.

ನಿಜವಾದ ಪರೀಕ್ಷೆ ಏಪ್ರಿಲ್ ಕೊನೆಗೆ ಬಂತು. ಕಾಂಗ್ರೆಸ್ ಸರ್ಕಾರಗಳಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವಂತೆ ಜನತಾ ಸಂಪುಟ ಸಲಹೆ ಮಾಡಿತು. ಸುಪ್ರೀಂ ಕೋರ್ಟ್ ಅಡ್ಡಿ ಬರಲಿಲ್ಲ. ಜತ್ತಿಯವರು ಮಾತ್ರ ಕೂಡಲೇ ಸಹಿ ಹಾಕಲಿಲ್ಲ. ದಿಲ್ಲಿಯಲ್ಲಿ ಗದ್ದಲವೆದ್ದಿತು, ಗೃಹ ಸಚಿವ ಚರಣ್ ಸಿಂಗ್ ಕೆಂಡವಾದರು, ಏಪ್ರಿಲ್ 30ರಂದು ಅಂಕಿತ ಬಿತ್ತು. ಅವರ ಹಿಂಜರಿಕೆಯಲ್ಲಿ ಕಾಂಗ್ರೆಸ್ ನಿಷ್ಠೆ ಕಂಡವರುಂಟು, ಒಕ್ಕೂಟದ ಬಗೆಗಿನ ಕಾಳಜಿ ಕಂಡವರೂ ಉಂಟು. ಸಂವಿಧಾನದ ಮಟ್ಟಿಗೆ ಅವರಿಗೆ ದಾರಿಯೇ ಇರಲಿಲ್ಲ: 1976ರ 42ನೇ ತಿದ್ದುಪಡಿ ಸಂಪುಟದ ಸಲಹೆಗೆ ರಾಷ್ಟ್ರಪತಿ ಬದ್ಧ ಎಂದು ಕಟ್ಟುಹಾಕಿತ್ತು. ಒಂದು ಸಲ ಕಡತವನ್ನು ಮರುಪರಿಶೀಲನೆಗೆ ಹಿಂದಿರುಗಿಸಬಹುದು ಎಂಬ ಅವಕಾಶ ಬಂದದ್ದು 1978ರ 44ನೇ ತಿದ್ದುಪಡಿಯಲ್ಲಿ. ಅದನ್ನು ಕೆ.ಆರ್. ನಾರಾಯಣನ್ 1997ರಲ್ಲಿ ಉತ್ತರ ಪ್ರದೇಶದ ವಿಷಯದಲ್ಲೂ 1998ರಲ್ಲಿ ಬಿಹಾರದ ವಿಷಯದಲ್ಲೂ ಬಳಸಿದರು. ಎರಡೂ ಸಲ ಆ ಹೊತ್ತಿಗೆ ಸಂಪುಟವೇ ಹಿಂದೆ ಸರಿಯಿತು. ಜತ್ತಿಯವರು ಕೆಲವು ವರ್ಷ ತಡವಾಗಿ ಆ ಕುರ್ಚಿಗೆ ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ.

ರಾಜ್ಯ ಸರ್ಕಾರವನ್ನು ದಿಲ್ಲಿ ಇಷ್ಟ ಬಂದಂತೆ ಇಳಿಸುವುದಕ್ಕೆ ತಡೆ ಬಿದ್ದದ್ದೂ ಕನ್ನಡಿಗರೊಬ್ಬರ ಹೆಸರಿನಲ್ಲಿ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಯಿತು. ಆಧಾರ, ಬೆಂಬಲ ವಾಪಸು ಪಡೆದಿದ್ದೇವೆಂದು ಹತ್ತೊಂಬತ್ತು ಶಾಸಕರ ಹೆಸರಿನಲ್ಲಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಬಂದ ಪತ್ರಗಳು. ಕೆಲವರು ಕೂಡಲೇ ಮಾತು ಬದಲಿಸಿದರೂ, ಸದನದಲ್ಲೇ ಬಲ ತೋರಿಸುತ್ತೇನೆಂದು ಬೊಮ್ಮಾಯಿ ಕೇಳಿಕೊಂಡರೂ ಅವಕಾಶ ಸಿಗಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು: ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲಿ ನಿರ್ಧಾರವಾಗಬೇಕು, ರಾಜಭವನದಲ್ಲಲ್ಲ. ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ. ಮುಂದಿನ ಮುಖ್ಯಮಂತ್ರಿಗಳಿಗೆಲ್ಲ ಒಂದು ಗುರಾಣಿ ಸಿಕ್ಕಿತು.

ಅವರ ಮಗ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ, 2022ರ ನವೆಂಬರ್‌ನಲ್ಲಿ, ಜತ್ ತಾಲ್ಲೂಕಿನ ನಲವತ್ತು ಹಳ್ಳಿಗಳು ಕರ್ನಾಟಕ ಸೇರಲು ಠರಾವು ಮಾಡಿವೆ ಎಂದರು. ಅದು 2012ರಲ್ಲಿ ನೀರಿನ ಬವಣೆಗೆ ಮಾಡಿದ ಹಳೆಯ ಠರಾವು ಎಂದು ಮುಂಬಯಿ ಉತ್ತರಿಸಿತು. ಜಗಳದ ನಡುವೆಯೇ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ತಿಕೋಂಡಿಯ ಕೆರೆಗೆ ಹರಿದು ಬಂತು. ಅತ್ತ ಮಹಾರಾಷ್ಟ್ರ ಸರ್ಕಾರ ಮ್ಹೈಸಾಳ ಯೋಜನೆಯ ವಿಸ್ತರಣೆಗೆ ಎರಡು ಸಾವಿರ ಕೋಟಿ ರೂಪಾಯಿಯ ಮಾತಾಡಿತು. ಠರಾವಿಗೆ ಗಡಿ ಸರಿಸುವ ಶಕ್ತಿಯಿಲ್ಲ. ಸಂವಿಧಾನದ 3ನೇ ವಿಧಿಯ ಪ್ರಕಾರ ಆ ಅಧಿಕಾರ ಸಂಸತ್ತಿನದು. ಆದರೂ ಎರಡು ರಾಜಧಾನಿಗಳನ್ನು ಒಂದೇ ವಾರದಲ್ಲಿ ಓಡಾಡುವಂತೆ ಮಾಡುವ ಶಕ್ತಿ ಅದಕ್ಕಿತ್ತು.

ಗಡಿಯಾಚೆಯ ದೇಶಗಳಲ್ಲಿ ಇಳಿಸುವ ಕಲೆ ಅತಿ ಹೆಚ್ಚು ಪಳಗಿದ್ದು ಪಾಕಿಸ್ತಾನದಲ್ಲಿ. 1953ರಲ್ಲೇ ಗವರ್ನರ್ ಜನರಲ್ ಗುಲಾಮ್ ಮಹಮ್ಮದ್ ಪ್ರಧಾನಿ ಖ್ವಾಜಾ ನಾಜಿಮುದ್ದೀನರನ್ನು ಕಿತ್ತುಹಾಕಿದರು, ಮರುವರ್ಷ ಸಂವಿಧಾನ ಸಭೆಯನ್ನೇ ವಿಸರ್ಜಿಸಿದರು. 1973ರ ಸಂವಿಧಾನ ಸಂಸದೀಯ ಪದ್ಧತಿಯನ್ನು ತಂದಿತಾದರೂ ಜನರಲ್ ಜಿಯಾ 1985ರಲ್ಲಿ 58(2)(ಬಿ) ಎಂಬ ಉಪವಿಧಿಯನ್ನು ಅದರೊಳಗೆ ತೂರಿಸಿದರು. ಅದರ ಬಲದಿಂದ ರಾಷ್ಟ್ರಾಧ್ಯಕ್ಷರು ಸಂಸತ್ತನ್ನೂ ಪ್ರಧಾನಿಯನ್ನೂ ಮನೆಗೆ ಕಳಿಸಬಹುದು. 1988ರಲ್ಲಿ ಜುನೇಜೊ, 1990ರಲ್ಲಿ ಬೆನಜೀರ್, 1993ರಲ್ಲಿ ನವಾಜ್ ಷರೀಫ್, 1996ರಲ್ಲಿ ಮತ್ತೆ ಬೆನಜೀರ್ ಹೀಗೆ ಹೋದರು. ಕೊನೆಯ ಸಲ ಸಹಿ ಹಾಕಿದ ಫಾರೂಕ್ ಲೆಘಾರಿ ಬೆನಜೀರರೇ ಆರಿಸಿ ಕೂರಿಸಿದ್ದ ಸ್ವಪಕ್ಷದವರು! 1997ರಲ್ಲಿ ಉಪವಿಧಿ ಹೋಯಿತು, ಮುಷರಫ್ ಕಾಲಕ್ಕೆ 2003ರಲ್ಲಿ ಮರಳಿತು, 2010ರ 18ನೇ ತಿದ್ದುಪಡಿಯಲ್ಲಿ ಮತ್ತೆ ಹೋಯಿತು. 2022ರ ಏಪ್ರಿಲ್‌ನಲ್ಲಿ ಇಮ್ರಾನ್ ಖಾನ್ ಅವಿಶ್ವಾಸ ಗೊತ್ತುವಳಿಯಲ್ಲಿ ಸೋತು ಇಳಿದ ಮೊದಲ ಪ್ರಧಾನಿ ಎನಿಸಿದರು. ಐದು ವರ್ಷದ ಅವಧಿ ಪೂರೈಸಿದ ಪ್ರಧಾನಿ ಆ ದೇಶಕ್ಕೆ ಇನ್ನೂ ಸಿಕ್ಕಿಲ್ಲ.

ಬಾಂಗ್ಲಾದೇಶದ ತೊಂದರೆ ಇದಕ್ಕೆ ತದ್ವಿರುದ್ಧ. 1972ರಲ್ಲಿ ಸಂಸದೀಯ ಪದ್ಧತಿ, 1975ರ ಜನವರಿಯಲ್ಲಿ ಮುಜೀಬ್ ಅಧ್ಯಕ್ಷರಾಗಿ ಏಕಪಕ್ಷ, ಆಗಸ್ಟ್‌ನಲ್ಲಿ ಅವರ ಹತ್ಯೆ, ಬಳಿಕ ಸೇನಾನಿಗಳ ಕಾಲ, 1991ರಲ್ಲಿ ಮತ್ತೆ ಸಂಸದೀಯ ಪದ್ಧತಿ. ಆದರೆ 70ನೇ ವಿಧಿ ಪಕ್ಷದ ವಿರುದ್ಧ ಮತ ಹಾಕಿದ ಸದಸ್ಯನ ಸ್ಥಾನವನ್ನೇ ಕಿತ್ತುಕೊಳ್ಳುತ್ತದೆ. ಹೀಗಾಗಿ ಬಹುಮತವಿರುವ ಪ್ರಧಾನಿಯನ್ನು ಸದನದೊಳಗೆ ಅಲುಗಿಸುವುದು ಅಸಾಧ್ಯವೇ. ಚುನಾವಣೆ ಕಾಲಕ್ಕೆ ಪಕ್ಷಾತೀತ ಸರ್ಕಾರ ನಡೆಸುವ 1996ರ ಏರ್ಪಾಡೂ 2011ರಲ್ಲಿ ರದ್ದಾಯಿತು. ಒಳಗಿನ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ 2024ರ ಆಗಸ್ಟ್ 5ರಂದು ಶೇಖ್ ಹಸೀನಾರನ್ನು ಇಳಿಸಿದ್ದು ಬೀದಿ.

ನೇಪಾಳದಲ್ಲಿ ದೊರೆಯೇ ಪ್ರಧಾನಿಯನ್ನು ಇಳಿಸಿದ್ದುಂಟು: 1960ರ ಡಿಸೆಂಬರ್‌ನಲ್ಲಿ ಮಹೇಂದ್ರ ಬಿ.ಪಿ. ಕೊಯಿರಾಲಾ ಸರ್ಕಾರವನ್ನು ಕಿತ್ತೊಗೆದರು. ಜನಪ್ರತಿನಿಧಿಗಳು ದೊರೆಯನ್ನು ಇಳಿಸಿದ್ದೂ ಉಂಟು: 2008ರ ಮೇ 28ರಂದು ಸಂವಿಧಾನ ಸಭೆ 560 ಮತಕ್ಕೆ 4ರಂತೆ ಅರಸೊತ್ತಿಗೆಯನ್ನೇ ತೆಗೆದುಹಾಕಿತು. 2015ರ ಸಂವಿಧಾನ ಪ್ರಧಾನಿಯ ಮೇಲೆ ಮೊದಲ ಎರಡು ವರ್ಷ ಅವಿಶ್ವಾಸ ತರಕೂಡದೆಂದಿತು. ಸ್ಥಿರತೆಗೆಂದು ತಂದ ಈ ನಿಯಮ ಹೆಚ್ಚೇನೂ ಮಾಡಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಯುವಜನರ ದಂಗೆಗೆ ಕೆ.ಪಿ. ಓಲಿ ರಾಜೀನಾಮೆ ಕೊಟ್ಟರು, ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು.

ಮಹಾರಾಷ್ಟ್ರದ ಸರಪಂಚರಿಗೂ ಇಂಥದೇ ಎರಡು ವರ್ಷದ ರಕ್ಷಣೆಯಿದೆ. ಆಮೇಲೂ ನೇರವಾಗಿ ಆಯ್ಕೆಯಾದವರನ್ನು ಇಳಿಸಬೇಕಾದರೆ ಮುಕ್ಕಾಲು ಪಾಲು ಸದಸ್ಯರು ಒಪ್ಪಬೇಕು, ಅದಕ್ಕೆ ಗ್ರಾಮಸಭೆಯೂ ಹೂಂ ಎನ್ನಬೇಕು. ಈ ಎರಡು ಹಂತದ ಜರಡಿಗೆ ಹತ್ತಿರದ ನೆಂಟ ಸಿಗುವುದು ಎಲ್ಲಿ ಗೊತ್ತೇ? ಭೂತಾನಿನ ಅರಮನೆಯಲ್ಲಿ. 2008ರ ಸಂವಿಧಾನದ ಪ್ರಕಾರ, ಸಂವಿಧಾನವನ್ನು ಬೇಕೆಂದೇ ಉಲ್ಲಂಘಿಸಿದ ದೊರೆಯನ್ನು ಇಳಿಸಲು ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಮುಕ್ಕಾಲು ಪಾಲು ಮತ ಬೇಕು, ಬಳಿಕ ಜನಮತಗಣನೆಯಲ್ಲೂ ಗೆಲ್ಲಬೇಕು. 65 ತುಂಬಿದ ದೊರೆ ನಿವೃತ್ತನಾಗಲೇಬೇಕು. ಅಲ್ಲಿ ಇದನ್ನು ಯಾರೂ ಹೋರಾಡಿ ಪಡೆಯಲಿಲ್ಲ. 1960ರ ದಶಕದ ಕೊನೆಯಲ್ಲೇ ಮೂರನೇ ದೊರೆ ಜಿಗ್ಮೆ ದೋರ್ಜಿ ವಾಂಗ್‌ಚುಕ್ ತನ್ನನ್ನು ಇಳಿಸುವ ಅಧಿಕಾರವನ್ನು ಸಭೆಗೆ ಒತ್ತಾಯದಿಂದ ಕೊಟ್ಟಿದ್ದರು. ಅವರ ಮಗ 2006ರಲ್ಲಿ ತಾನಾಗಿಯೇ ಪಟ್ಟ ಬಿಟ್ಟರು.

ಮಾಲ್ಡೀವ್ಸ್ ಸುಲ್ತಾನಿಕೆಯನ್ನು 1968ರಲ್ಲಿ ಕಳಚಿಕೊಂಡರೂ 1978ರಿಂದ ಮೂವತ್ತು ವರ್ಷ ಒಬ್ಬರೇ ಅಧ್ಯಕ್ಷರನ್ನು, ಗಯೂಮರನ್ನು, ಕಂಡಿತು; 2008ರ ಬಹುಪಕ್ಷೀಯ ಚುನಾವಣೆ ಅವರನ್ನು ಸೋಲಿಸಿತು. ಅಫ್ಘಾನಿಸ್ತಾನದಲ್ಲಿ 1973ರಲ್ಲಿ ದೊರೆ ಹೋದ ಮೇಲೆ ಬಂದವರಲ್ಲಿ ಹೆಚ್ಚಿನವರು ಹೋದದ್ದು ಬಂದೂಕಿನಿಂದ. 2021ರ ಆಗಸ್ಟ್‌ನಿಂದ ಅಲ್ಲಿ ಚುನಾವಣೆಯ ಮಾತೇ ಇಲ್ಲ.

ಶ್ರೀಲಂಕಾ ಕೊನೆಗೆ, ಏಕೆಂದರೆ ಅಲ್ಲಿ ವಿಷಯ ಇನ್ನೂ ಬಿಸಿಯಾಗಿದೆ. 1972ರ ಗಣರಾಜ್ಯದಲ್ಲಿ ಅಧ್ಯಕ್ಷ ವಿಲಿಯಂ ಗೋಪಲ್ಲವ ಹೆಸರಿಗಷ್ಟೇ ಇದ್ದರು. 1978ರಲ್ಲಿ ಜೆ.ಆರ್. ಜಯವರ್ಧನೆ ಎಲ್ಲ ಅಧಿಕಾರವನ್ನೂ ಅಧ್ಯಕ್ಷ ಪದವಿಗೆ ಸುರಿದರು. ಆಮೇಲಿನದು ಏರಿಳಿತದ ಲೆಕ್ಕ: 2010ರ 18ನೇ ತಿದ್ದುಪಡಿ ಎರಡೇ ಅವಧಿಯ ಮಿತಿಯನ್ನು ಕಿತ್ತಿತು, 2015ರ 19ನೇಯದು ಮಿತಿಯನ್ನು ಮರಳಿಸಿ ಅಧಿಕಾರ ಕತ್ತರಿಸಿತು, 2020ರ 20ನೇಯದು ಅಧಿಕಾರವನ್ನು ಮತ್ತೆ ಉಬ್ಬಿಸಿತು, 2022ರ 21ನೇಯದು ಮತ್ತೆ ಕುಗ್ಗಿಸಿತು. 2018ರಲ್ಲಿ ಅಧ್ಯಕ್ಷ ಸಿರಿಸೇನ ಪ್ರಧಾನಿಯನ್ನು ವಜಾ ಮಾಡಿ ಸಂಸತ್ತನ್ನು ವಿಸರ್ಜಿಸಿದಾಗ ಸುಪ್ರೀಂ ಕೋರ್ಟ್ ಆ ವಿಸರ್ಜನೆ ಸಲ್ಲದೆಂದಿತು. 2022ರ ಜುಲೈನಲ್ಲಿ ಗೋಟಬಯ ರಾಜಪಕ್ಸ ದೇಶ ಬಿಟ್ಟು ಓಡಿ ರಾಜೀನಾಮೆ ಕಳಿಸಿದರು. ನೇರವಾಗಿ ಜನರಿಂದಲೇ ಗೆದ್ದವರನ್ನು ಅವಧಿಯ ನಡುವೆ ಇಳಿಸಲು ಜನರಿಗೆ ಅರಮನೆಯ ಈಜುಕೊಳದವರೆಗೆ ನುಗ್ಗುವುದಲ್ಲದೆ ಬೇರೆ ದಾರಿ ಕಾಣಲಿಲ್ಲ.

ಈ ಪದವಿಯನ್ನೇ ರದ್ದು ಮಾಡುತ್ತೇನೆಂದು 1994ರಲ್ಲಿ ಚಂದ್ರಿಕಾ ಕುಮಾರತುಂಗ ಮಾತು ಕೊಟ್ಟಿದ್ದರು. ನಂತರ ಗೆದ್ದವರಲ್ಲೂ ಅದೇ ಮಾತು ಕೊಟ್ಟವರಿದ್ದಾರೆ, ಕೂತ ಮೇಲೆ ಮರೆತಿದ್ದಾರೆ. 2024ರ ಸೆಪ್ಟೆಂಬರ್‌ನಲ್ಲಿ ಗೆದ್ದ ಅನುರ ಕುಮಾರ ದಿಸ್ಸನಾಯಕೆಯವರ ಪ್ರಣಾಳಿಕೆಯಲ್ಲೂ ಅದಿತ್ತು. ಅದೇ ವರ್ಷದ ನವೆಂಬರ್‌ನ ಸಂಸತ್ ಚುನಾವಣೆಯಲ್ಲಿ ಅವರ ಕೂಟಕ್ಕೆ 225ರಲ್ಲಿ 159 ಸ್ಥಾನ ಸಿಕ್ಕಿದೆ. ಸಂವಿಧಾನ ತಿದ್ದಲು ಸಂಸತ್ತಿನಲ್ಲಿ ಬೇಕಾದದ್ದು 150. ಸಂಖ್ಯೆ ಸಾಲದು ಎಂಬ ನೆಪವಂತೂ ಈ ಸಲ ನಡೆಯುವುದಿಲ್ಲ.